ನಮ್ಮ ಐದು ಜನರ ಕನ್ನಡ ಬ್ಯಾಂಡ್‌ಗೆ ಪ್ರೆಸ್ ಕಿಟ್ ಮಾಡೋದು ಹೇಗೆ? ಅದರಲ್ಲಿ ಏನೇನು ಇರಬೇಕು?

ಜನಪದ ಹಾಡುಗಳನ್ನು ರಾಕ್ ಶೈಲಿಯಲ್ಲಿ ಹಾಡುತ್ತೀರಿ, ಇಂದಿರಾನಗರದ ಒಂದು ಪಬ್‌ನವರೂ ಒಂದು ದಿನಪತ್ರಿಕೆಯವರೂ ಪ್ರೆಸ್ ಕಿಟ್ ಕೇಳಿದ್ದಾರೆ ಅಂದಿದ್ದೀರಿ. ಪ್ರೆಸ್ ಕಿಟ್ ಅಂದರೆ ಬ್ಯಾಂಡಿನ ಪರಿಚಯ, ಫೋಟೊ, ಹಾಡು, ಸ್ಟೇಜ್ ವಿವರಗಳನ್ನು ಒಂದೇ ಕಡೆ ಕೂಡಿಸಿದ ಕಟ್ಟು. ಇಬ್ಬರಿಗೂ ಬೇಕಾಗಿರೋದು ಬೇರೆ ಬೇರೆ. ವರದಿಗಾರರಿಗೆ ಕಾಪಿ ಮಾಡಿಕೊಳ್ಳಬಹುದಾದ ಬರಹ, ಅಚ್ಚಿಗೆ ಒದಗುವ ಫೋಟೊ ಬೇಕು. ಪಬ್‌ನವರಿಗೆ ನೀವು ಸ್ಟೇಜ್ ಮೇಲೆ ಹೇಗೆ ಹಾಡ್ತೀರಿ ಅನ್ನೋದು ಕಾಣಬೇಕು, ಅವರ ಸೌಂಡ್ ಎಂಜಿನಿಯರ್‌ಗೆ ಮೈಕುಗಳ ಲೆಕ್ಕ ಸಿಗಬೇಕು. ಈ ಮೂವರೂ ನಿಮಗೆ ಫೋನ್ ಮಾಡದೆ ತಮ್ಮ ಕೆಲಸ ಮುಗಿಸುವ ಹಾಗೆ ಕಿಟ್ ಮಾಡಿ.

ಪರಿಚಯ ಬರಹ ಎರಡು ಅಳತೆಯಲ್ಲಿರಲಿ: ಒಂದು 50 ಪದ, ಇನ್ನೊಂದು 200 ಪದ. ಮೊದಲ ವಾಕ್ಯದಲ್ಲೇ ಹೆಸರು, ಊರು, ಏನು ಹಾಡುತ್ತೀರಿ ಅನ್ನೋದು ಬಂದುಬಿಡಲಿ. 'ಸಂಗೀತವೇ ನಮ್ಮ ಉಸಿರು' ಅನ್ನೋ ಥರದ ಸಾಲುಗಳನ್ನು ಯಾವ ಪತ್ರಿಕೆಯೂ ಹಾಕೋದಿಲ್ಲ. ಅದರ ಬದಲು ತತ್ವಪದವನ್ನು ಯಾವ ವಾದ್ಯಗಳ ಜೊತೆ ಹೇಗೆ ಹಾಡುತ್ತೀರಿ ಎಂದು ಬರೆಯಿರಿ. ಬ್ಯಾಂಡಿನ ಹೆಸರು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಅದನ್ನು ಬರೆಯುವ ರೀತಿಯನ್ನು ನೀವೇ ತೀರ್ಮಾನಿಸಿ ಕೊಡಿ. ಇಲ್ಲದಿದ್ದರೆ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಥರ ಬರುತ್ತೆ, ಹುಡುಕಿದವರಿಗೆ ನೀವು ಸಿಗೋದಿಲ್ಲ.

ಕನ್ನಡ ಬರಹವನ್ನು ಪಿಡಿಎಫ್‌ನಲ್ಲಿ ಮಾತ್ರ ಕಳಿಸಬೇಡಿ. ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಒತ್ತಕ್ಷರ, ಗುಣಿತಗಳು ಎಷ್ಟೋ ಸಲ ಚೆಲ್ಲಾಪಿಲ್ಲಿಯಾಗುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಓದಲಾಗದ ಚಿಹ್ನೆಗಳ ರಾಶಿಯಾಗುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ವರ್ಡ್ ಫೈಲಾಗಿ ಇಡಿ, ಮೇಲ್‌ನಲ್ಲೂ ಅಂಟಿಸಿ.

ಫೋಟೊ ನಾಲ್ಕು ಸಾಕು, ಅಡ್ಡದ್ದೂ ಇರಲಿ, ಉದ್ದದ್ದೂ ಇರಲಿ. ಉದ್ದನೆಯ ಬದಿ 3000 ಪಿಕ್ಸೆಲ್ ಇದ್ದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 10 ಇಂಚಿನವರೆಗೆ ಚೆನ್ನಾಗಿ ಅಚ್ಚಾಗುತ್ತೆ. ಪಬ್‌ನ ಕೆಂಪು ಎಲ್‌ಇಡಿ ಬೆಳಕಿನಲ್ಲಿ ತೆಗೆದದ್ದನ್ನು ಕೊಡಬೇಡಿ. ನ್ಯೂಸ್‌ಪ್ರಿಂಟ್ ಮೇಲೆ ಮುಖಗಳು ಕಪ್ಪಾಗಿ ಮೆತ್ತಿಕೊಳ್ಳುತ್ತವೆ. ಎಡದಿಂದ ಬಲಕ್ಕೆ ಯಾರು ಯಾರು ಅನ್ನೋದನ್ನೂ ಫೋಟೊ ತೆಗೆದವರ ಹೆಸರನ್ನೂ ಬರೆಯಿರಿ, ಪ್ರಕಟಿಸಲು ಅವರ ಒಪ್ಪಿಗೆ ಮೊದಲೇ ಪಡೆದಿರಿ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ.

ಹಾಡು ಮೂರೇ ಇರಲಿ, ನಿಮಗೆ ಅತ್ಯುತ್ತಮ ಅನಿಸಿದ್ದು ಮೊದಲು. ಮೇಲ್‌ಗೆ ಫೈಲ್ ಲಗತ್ತಿಸಬೇಡಿ, ಲಿಂಕ್ ಕೊಡಿ. ಲೈವ್ ವಿಡಿಯೊ ಮಾತ್ರ ಬಿಡಲೇಬೇಡಿ: ಕತ್ತರಿಸದ ಎರಡು ಮೂರು ನಿಮಿಷ, ಒಂದೇ ಮೊಬೈಲಿನಲ್ಲಿ ತೆಗೆದಿದ್ದರೂ ಸರಿ. ಸ್ಟುಡಿಯೊ ಹಾಡಿಗೆ ತುಟಿ ಕೂಡಿಸಿದ ವಿಡಿಯೊ ನೋಡಿ ಯಾರೂ ಪಬ್‌ಗೆ ಬ್ಯಾಂಡ್ ಗೊತ್ತು ಮಾಡುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡೋದು ಟೆಕ್ ರೈಡರ್, ಅಂದರೆ ಸ್ಟೇಜ್ ಮೇಲೆ ನಿಮಗೆ ಬೇಕಾದ ಮೈಕ್, ಸೌಂಡ್ ಸಲಕರಣೆಗಳ ಪಟ್ಟಿ. ನನ್ನ ಮಟ್ಟಿಗೆ ಇಡೀ ಕಿಟ್‌ನಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಪುಟ ಅದೇ. ನಿಮ್ಮಲ್ಲಿ ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್, ಗಾಯಕ ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ: ಡ್ರಮ್ಸ್‌ಗೆ ಕಿಕ್, ಸ್ನೇರ್, ಹೈಹ್ಯಾಟ್, ಎರಡು ಟಾಮ್, ಎರಡು ಓವರ್‌ಹೆಡ್ (ಡ್ರಮ್ಸ್ ಮೇಲ್ಗಡೆ ಇಡುವ ಮೈಕ್) ಸೇರಿ 7, ಬೇಸ್‌ಗೆ ಡಿಐ (ವಾದ್ಯವನ್ನು ಮೈಕ್ ಇಲ್ಲದೆ ನೇರ ಮಿಕ್ಸರ್‌ಗೆ ಸೇರಿಸುವ ಪುಟ್ಟ ಪೆಟ್ಟಿಗೆ) 1, ಗಿಟಾರ್ ಆಂಪ್ ಮುಂದೆ ಮೈಕ್ 1, ಕೀಬೋರ್ಡ್ ಸ್ಟೀರಿಯೊಗೆ ಡಿಐ 2, ಮುಖ್ಯ ಗಾಯನ 1, ಹಿನ್ನೆಲೆ ದನಿ 2. ಒಟ್ಟು 14 ಚಾನಲ್, ಅಂದರೆ ಮಿಕ್ಸರ್‌ಗೆ ಬರುವ 14 ಬೇರೆ ಬೇರೆ ಸಾಲು. ಓವರ್‌ಹೆಡ್ ಕಂಡೆನ್ಸರ್ ಮೈಕ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರ್‌ನಿಂದ ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಬೇಕು ಎಂದು ಅಲ್ಲೇ ಬರೆಯಿರಿ. ಸಣ್ಣ ಜಾಗದ ಮಿಕ್ಸರ್‌ನಲ್ಲಿ ಅಷ್ಟು ಚಾನಲ್ ಇರೋದಿಲ್ಲ, ಅದಕ್ಕೆ 8 ಚಾನಲ್ಲಿನ ಇನ್ನೊಂದು ಪಟ್ಟಿ ಕೊಡಿ: ಡ್ರಮ್ಸ್‌ಗೆ ಕಿಕ್, ಸ್ನೇರ್, ಒಂದು ಓವರ್‌ಹೆಡ್, ಉಳಿದ ವಾದ್ಯಗಳಿಗೆ ಒಂದೊಂದು, ದನಿಗೆ ಎರಡು. ಡೋಲಕ್ ಸೇರಿಸಿದರೆ ಎರಡೂ ಬದಿಗೆ ಒಂದೊಂದು ಮೈಕ್ ಬೇಕು, ಅದನ್ನೂ ಕೂಡಿಸಿಕೊಳ್ಳಿ.

ಜೊತೆಗೆ ಸ್ಟೇಜ್ ಮೇಲೆ ಯಾರು ಎಲ್ಲಿ ನಿಲ್ಲುತ್ತೀರಿ ಅನ್ನೋದರ ಚಿತ್ರ, ಅಂದರೆ ಸ್ಟೇಜ್ ಪ್ಲಾನ್ ಬಿಡಿಸಿ. ಪ್ರೇಕ್ಷಕರು ಕೆಳಗಿನ ಅಂಚಿನಲ್ಲಿ ಎಂದು ಗುರುತು ಹಾಕಿ, ಇಲ್ಲದಿದ್ದರೆ ಎಡ ಬಲ ತಿರುವುಮುರುವಾಗುತ್ತೆ. ಮಾನಿಟರ್ (ನೀವು ಹಾಡೋದು, ನುಡಿಸೋದು ನಿಮಗೇ ಕೇಳಿಸುವ ಸ್ಪೀಕರ್) ಎಲ್ಲೆಲ್ಲಿ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಡ್ರಮ್ ಕಿಟ್ ಮತ್ತು ಆಂಪ್ ಯಾರು ತರಬೇಕು, ಸೌಂಡ್‌ಚೆಕ್‌ಗೆ ಎಷ್ಟು ಹೊತ್ತು ಅನ್ನೋದೂ ಇರಲಿ. ಗಣೇಶೋತ್ಸವ, ರಾಜ್ಯೋತ್ಸವದ ಬಯಲು ಕಾರ್ಯಕ್ರಮಗಳಿಗೂ ಇದೇ ಕಿಟ್ ಹೋಗುವುದರಿಂದ 30, 60, 90 ನಿಮಿಷದ ಮೂರು ಸೆಟ್ (ಹಾಡುಗಳ ಪಟ್ಟಿ) ತಿಳಿಸಿ. ಬಯಲಲ್ಲಿ ಸಾಮಾನ್ಯವಾಗಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಭಾಷಣಗಳು ಲಂಬಿಸಿದರೆ ನಿಮ್ಮ ಸಮಯವೇ ಮೊಟಕಾಗೋದು.

ಸಂಭಾವನೆ, ಪ್ಯಾನ್, ಬ್ಯಾಂಕ್ ವಿವರ ಕಿಟ್‌ನಲ್ಲಿ ಬೇಡ. ಸಂಪರ್ಕಕ್ಕೆ ಒಬ್ಬರ ಹೆಸರು, ಒಂದು ನಂಬರ್, ಒಂದು ಮೇಲ್ ಇದ್ದರೆ ಆಯಿತು. ಪತ್ರಿಕೆಗಳಲ್ಲಿ ಬಂದದ್ದಿದ್ದರೆ ಪತ್ರಿಕೆ, ದಿನಾಂಕದ ಜೊತೆ ಒಂದೆರಡು ಸಾಲು ಹಾಕಿ. ಇಲ್ಲದಿದ್ದರೆ ಆ ಭಾಗವೇ ಬೇಡ.

ಇಷ್ಟನ್ನೂ ಗೂಗಲ್ ಡ್ರೈವ್‌ನ ಒಂದೇ ಫೋಲ್ಡರಿಗೆ ಹಾಕಿ, ಜೊತೆಗೆ 5 ಎಂಬಿ ಮೀರದ ಎರಡು ಪುಟದ ಪಿಡಿಎಫ್ ಮಾಡಿ. ಆಫೀಸಿನ ಖಾತೆಯಲ್ಲಿ ಬೇಡ: ಎಷ್ಟೋ ಕಂಪನಿಗಳು ಹೊರಗಿನವರಿಗೆ ಹಂಚಲು ಬಿಡುವುದಿಲ್ಲ, ಕೆಲಸ ಬಿಟ್ಟರೆ ಲಿಂಕೂ ಹೋಯಿತು. ಲಿಂಕ್ ಇರುವ ಯಾರು ಬೇಕಾದರೂ ನೋಡುವಂತೆ ಅನುಮತಿ ಕೊಟ್ಟು, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ (ನಿಮ್ಮ ಖಾತೆಗೆ ಲಾಗಿನ್ ಆಗಿರದ ಕಿಟಕಿ) ತೆರೆದು ಪರೀಕ್ಷಿಸಿ. ಡೆಡ್‌ಲೈನಿನಲ್ಲಿರುವ ವರದಿಗಾರರು ಅನುಮತಿ ಕೇಳಿ ಕಾಯುವುದಿಲ್ಲ. ಪತ್ರಿಕೆಗೆ ಕಾರ್ಯಕ್ರಮಕ್ಕೆ ಹತ್ತು ದಿನ ಮೊದಲೇ ಕಳಿಸಿ, ಮೇಲ್‌ನ ವಿಷಯದ ಸಾಲಿನಲ್ಲೇ ಬ್ಯಾಂಡಿನ ಹೆಸರು, ದಿನಾಂಕ, ಜಾಗ ಬರೆಯಿರಿ.