ಬೆಂಗಳೂರಿನಲ್ಲಿ ಹತ್ತು ದೇಶಗಳ ಕಲಾವಿದರ ಗ್ಯಾಲರಿ ತೆರೆಯಬೇಕು. ಇಂದಿರಾನಗರ ಸರಿಯೋ, ವೈಟ್‌ಫೀಲ್ಡ್ ಸರಿಯೋ?

ಎರಡೂ ಬೇಡ. ಸದ್ಯಕ್ಕೆ ಎಲ್ಲೂ ಜಾಗ ಹಿಡಿಯಬೇಡಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ 2018 ನೆನಪಾಯಿತು. ಆಗ ನಾನೂ ಇಂಥದ್ದೇ ಗ್ಯಾಲರಿ ತೆರೆದಿದ್ದೆ. ನಿಮ್ಮ ಪಟ್ಟಿಯಲ್ಲಿ ಹತ್ತು ದೇಶಗಳಿವೆ, ನನ್ನದರಲ್ಲಿ ಆರಿದ್ದವು.

ಜಯನಗರದ ಒಂದು ಹಳೇ ಮನೆಯ ಕೆಳಗಿನ ಭಾಗ. ತಿಂಗಳಿಗೆ 45,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಕೆಲಸ ಬಿಟ್ಟಾಗ ಬಂದ ಪಿ.ಎಫ್. ದುಡ್ಡೆಲ್ಲ ಅಡ್ವಾನ್ಸು, ಬಿಳಿ ಬಣ್ಣ, ಲೈಟುಗಳಿಗೇ ಹೋಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾ ಪ್ರದರ್ಶನಕ್ಕೆ ಬಿಯೆನಾಲೆ ಅನ್ನುತ್ತಾರೆ. 2014ರ ಕೊಚ್ಚಿ ಬಿಯೆನಾಲೆಗೆ ಹೋಗಿ, ಆಸ್ಪಿನ್‌ವಾಲ್ ಹೌಸಿನ ಹಳೇ ಗೋಡೌನುಗಳಲ್ಲಿ ಎರಡು ದಿನ ಓಡಾಡಿ ಬಂದಾಗಿನಿಂದ ಹಿಡಿದ ಹುಚ್ಚು ಅದು. ಆಫ್ರಿಕದ ಕಲಾವಿದರ ಕೆಲಸ ಲಂಡನ್, ಪ್ಯಾರಿಸ್ ಸುತ್ತಿಕೊಂಡೇ ನಮ್ಮೂರಿಗೆ ಯಾಕೆ ಬರಬೇಕು, ನೇರವಾಗಿ ಬರಲಿ ಅನ್ನೋದು ನನ್ನ ಆಸೆ. ಆ ಆಸೆ ಈಗಲೂ ಹಾಗೇ ಇದೆ.

ಘಾನಾದ ಆಕ್ರಾದಲ್ಲಿ ಕಾಂಟಮಾಂಟೋ ಅಂತ ದೊಡ್ಡ ಮಾರುಕಟ್ಟೆ ಇದೆ. ಯುರೋಪ್, ಅಮೆರಿಕದವರು ಹಾಕಿ ಬಿಟ್ಟ ಬಟ್ಟೆಗಳು ಅಲ್ಲಿಗೆ ಮೂಟೆ ಮೂಟೆ ಬಂದು ಬೀಳುತ್ತವೆ. ಜನ ಅದನ್ನು 'ಓಬ್ರೋನಿ ವಾವು' ಅನ್ನುತ್ತಾರೆ, ಸತ್ತ ಬಿಳಿಯರ ಬಟ್ಟೆ ಅಂತ ಅರ್ಥ. ನಾನು ಮಾತಾಡಿಸಿದ ಕಲಾವಿದೆ ಆ ಮೂಟೆಗಳಿಂದ ಬರೀ ಅಂಗಿ ಕಾಲರುಗಳನ್ನು ಬಿಚ್ಚಿಕೊಂಡು, ಒಂದಕ್ಕೊಂದು ಸೇರಿಸಿ ಏಳಡಿ ಉದ್ದದ ಪರದೆ ಹೊಲಿದಿದ್ದರು. ಹತ್ತಿರ ಹೋಗಿ ನೋಡಿದರೆ ಪ್ರತಿ ಕಾಲರಿನ ಒಳಗೂ ಯಾರದೋ ಕುತ್ತಿಗೆಯ ಬೆವರಿನ ಗೆರೆ. ಆ ಗೆರೆ ಹಿಡಿದೇ ಕೆಂಪು ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ. ಬೆಲೆ 1,80,000 ಅಂತ ಮಾತಾಯಿತು. ಮಾರಿದರೆ ಅರ್ಧ ಅವರಿಗೆ, ಅರ್ಧ ನನಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು. ವಿದೇಶದಿಂದ ಡಬ್ಬಿ ಬರುವಾಗ ಜೊತೆಗೆ ಒಂದು ಇನ್‌ವಾಯ್ಸ್ ಇರುತ್ತದೆ. ಒಳಗೇನಿದೆ, ಬೆಲೆ ಎಷ್ಟು ಅಂತ ಅದರಲ್ಲಿ ಬರೆದಿರಬೇಕು. 'ಅಲಂಕಾರದ ಬಟ್ಟೆ' ಅಂತ ಬರೆಸಿ 15,000 ಹಾಕಿಸಿದರೆ ಸುಂಕ ಉಳಿಯುತ್ತೆ ಅಂತ ಪರಿಚಯದವರೊಬ್ಬರು ಹೇಳಿದರು. ಅವರು ಹೇಳಿದ್ದು ಅಷ್ಟೇ, ಮಾಡಿದ್ದು ನಾನು. ಹಾಗೇ ಬರೆಯಿರಿ ಅಂತ ಕಲಾವಿದೆಗೆ ಮೆಸೇಜ್ ಹಾಕಿದೆ. "ಇದು ಸರೀನಾ?" ಅಂತ ಅವರು ಕೇಳಿದರು. ಇಲ್ಲಿ ಎಲ್ಲರೂ ಹೀಗೇ ಮಾಡೋದು ಅಂದೆ. ಅವರು ನಂಬಿದರು.

ಕಸ್ಟಮ್ಸ್‌ನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಮಾಲು ಹಿಡಿದಿಟ್ಟು ದಂಡ ಹಾಕುತ್ತಿದ್ದರು. ಸುಳ್ಳು ಬೆಲೆ ತೋರಿಸೋದು ಕಾನೂನಿನ ಪ್ರಕಾರ ಅಪರಾಧ. ಆದರೆ ಗ್ಯಾಲರಿಯಲ್ಲಿ ಡಬ್ಬಿ ಬಿಚ್ಚಿದಾಗ ಒಂದು ಮೂಲೆ ಒದ್ದೆಯಾಗಿತ್ತು. ದಾರಿಯಲ್ಲಿ ಎಲ್ಲೋ ನೀರು ಇಳಿದು ಕೆಂಪು ದಾರ ಬಣ್ಣ ಬಿಟ್ಟಿತ್ತು. ಬಿಳಿ ಕಾಲರುಗಳ ಮೇಲೆ ಅಂಗೈ ಅಗಲ ಗುಲಾಬಿ ಕಲೆ. ಡಬ್ಬಿ ಸಾಗಿಸಿದವರ ಹತ್ತಿರ ಪರಿಹಾರ ಕೇಳಿದೆ. ಕಾಗದದಲ್ಲಿ ಎಷ್ಟಿದೆಯೋ ಅಷ್ಟೇ ಅಂದರು. 15,000. ಅವರದ್ದು ತಪ್ಪಲ್ಲ, ಬರೆಸಿದ್ದು ನಾನೇ ಅಲ್ವಾ?

ಕಲಾವಿದೆಗೆ ಫೋಟೋ ಕಳಿಸಿದೆ. ಒಂದು ದಿನ ಉತ್ತರ ಇರಲಿಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್ ಬಂತು. "ಬಟ್ಟೆ ಅಂತ ನೀವೇ ಬರೆಸಿದಿರಿ. ಬಟ್ಟೆ ತಾನೇ, ಒಗೆದರೆ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಈಗ ಏನಂತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗ್ಯಾಲರಿ ಉದ್ಘಾಟನೆ ದಿನ ಎಲ್ ಅನಾಟ್ಸುಯಿ ಬಗ್ಗೆ ಹತ್ತು ನಿಮಿಷ ಮಾತಾಡಿದ್ದವಳು ನಾನು. ಅನಾಟ್ಸುಯಿ ಘಾನಾದಲ್ಲೇ ಹುಟ್ಟಿದ ಕಲಾವಿದರು. ಹೆಂಡದ ಬಾಟಲಿ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಪೋಣಿಸಿ ಗೋಡೆಯುದ್ದ ಇಳಿಬಿಡುತ್ತಾರೆ, 2015ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಜೀವಮಾನ ಸಾಧನೆಗೆ ಗೋಲ್ಡನ್ ಲಯನ್ ಪಡೆದರು. ಇದನ್ನು ಕರಕುಶಲ ಅಂತ ಬದಿಗೆ ಸರಿಸಬೇಡಿ, ಇದು ಕಲೆ ಅಂತ ಎಲ್ಲರ ಮುಂದೆ ಹೇಳಿದ್ದೆ. ಸುಂಕದ ಆಸೆಗೆ ಆ ಮಾತನ್ನು ನಾನೇ ಮುರಿದೆ. ಅದೂ ಅಲ್ಲದೆ ಆ ಇನ್‌ವಾಯ್ಸ್ ಕಾಗದವೇ ಕೃತಿಯ ಜಾತಕ. ನಾಳೆ ಯಾರಾದರೂ ಕೊಂಡರೆ, ಅವರು ಇನ್ನೊಬ್ಬರಿಗೆ ಮಾರಿದರೆ, ಮ್ಯೂಸಿಯಂನವರು ಕೇಳಿದರೆ, ಮೊದಲು ತೆಗೆದು ನೋಡೋದು ಅದನ್ನೇ. ಅದರಲ್ಲಿ ಒಮ್ಮೆ 15,000 ಅಂತ ಬಿದ್ದರೆ ಆ ಕಲಾವಿದೆಯ ಮುಂದಿನ ಬೆಲೆಗಳಿಗೂ ಪೆಟ್ಟು.

ಅವರ ಪಾಲಿನ 90,000ವನ್ನು ಒಂಬತ್ತು ತಿಂಗಳ ಕಂತಿನಲ್ಲಿ ಕಟ್ಟಿದೆ. ಅವರ ಗೆಳತಿಯರಿಬ್ಬರು ನನ್ನ ಮುಂದಿನ ಪ್ರದರ್ಶನದಿಂದ ಹಿಂದೆ ಸರಿದರು. ಹದಿನಾಲ್ಕನೇ ತಿಂಗಳಿಗೆ ಬಾಗಿಲು ಹಾಕಿದೆ. ಬಾಡಿಗೆ ಜಾಸ್ತಿ ಆಯ್ತು ಅಂತ ಎಲ್ಲರಿಗೂ ಹೇಳಿದ್ದೆ. ನಿಜ ಕಾರಣ ಇಲ್ಲೇ ಮೊದಲು ಬರೆಯುತ್ತಿರೋದು.

ಹಾಗಾಗಿ ಹತ್ತು ದೇಶ ಅನ್ನೋ ಲೆಕ್ಕವನ್ನೇ ಬಿಡಿ. ದೇಶ ಎಣಿಸೋಕೆ ಹೊರಟರೆ ಒಬ್ಬೊಬ್ಬರ ಕೆಲಸದ ಮುಂದೆ ನಿಲ್ಲೋಕೆ ಪುರುಸೊತ್ತು ಸಿಗಲ್ಲ. ನನಗೂ ಸಿಗಲಿಲ್ಲ, ಆರು ಜನರ ಜೊತೆ ಒಟ್ಟಿಗೆ ವ್ಯವಹಾರ ಮಾಡುತ್ತಿದ್ದೆ. ಒಬ್ಬರನ್ನು ಆರಿಸಿಕೊಳ್ಳಿ, ಒಂದು ವರ್ಷ ಅವರ ಜೊತೆಗಿರಿ. ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳು ಪ್ರದರ್ಶನಕ್ಕೆ ಬಾಡಿಗೆಗೆ ಸಿಗುತ್ತವೆ, ಒಂದು ವಾರಕ್ಕೆ ತಗೊಳ್ಳಿ. ಶಾಂತಿನಗರದಲ್ಲಿ 1 ಶಾಂತಿರೋಡ್ ಅಂತ ಕಲಾವಿದರ ಸ್ಟುಡಿಯೋ ಇದೆ, ಅಲ್ಲಿಗೆ ಹೊರದೇಶದ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಸುಮ್ನೆ ಹೋಗಿ ಕೂತು ಮಾತಾಡಿ. ಪ್ರದರ್ಶನ ಮುಗಿಸಿ ವಾಪಸ್ ಹೋಗುವ ಕೃತಿಯಾದರೆ ಎಟಿಎ ಕಾರ್ನೆ ಅಂತ ಒಂದು ದಾಖಲೆ ಇದೆ, ಸುಂಕ ಕಟ್ಟದೆ ತಾತ್ಕಾಲಿಕವಾಗಿ ತರಬಹುದು. ಎಲ್ಲ ದೇಶಗಳೂ ಆ ವ್ಯವಸ್ಥೆಯಲ್ಲಿಲ್ಲ, ಮೊದಲೇ ವಿಚಾರಿಸಿ. ಮಾರೋದಾದರೆ ಸರಿಯಾದ ಬೆಲೆ ಬರೆದು ತೆರಿಗೆ ಕಟ್ಟಿ. ಪೇಂಟಿಂಗ್, ಶಿಲ್ಪಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ನನ್ನ ಕಾಲಕ್ಕಿಂತ ನಿಮಗೆ ಸುಲಭ.

ಇನ್ನೊಂದು ಮಾತು. ಬೇರೆ ಸಂಸ್ಕೃತಿ ಅಂದರೆ ವಿಮಾನದಲ್ಲೇ ಬರಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅಲ್ಲಿನ ಹೆಂಗಸರು ಹಳೇ ಸೀರೆ, ಅಂಗಿ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. 2023ರಲ್ಲಿ ಅಂಥ ನಾಲ್ಕು ಕೌದಿಗಳನ್ನು ಐದು ದಿನ ಬಾಡಿಗೆ ಹಾಲಿನಲ್ಲಿ ತೂಗುಹಾಕಿದೆ. ಎರಡು ಮಾರಾಟವಾದವು. ಹಳಿಯಾಳದ ಕಡೆಯ ಒಬ್ಬ ಅಜ್ಜಿಯದ್ದು ಮೊದಲು ಹೋಯಿತು. ಬಿಲ್ಲನ್ನು ಕನ್ನಡದಲ್ಲೇ ಬರೆದೆ: ಅವರ ಹೆಸರು, ಊರು, ಅಳತೆ, ಕೈಹೊಲಿಗೆಯ ಕಲಾಕೃತಿ, ಪೂರ್ತಿ ಬೆಲೆ. "ಓದಿ ಹೇಳವ್ವಾ" ಅಂದರು. ಓದಿದೆ. "ಇನ್ನೊಮ್ಮೆ ಓದು" ಅಂದರು. ಓದಿದೆ. ಆಮೇಲೆ ಹೆಬ್ಬೆಟ್ಟು ಒತ್ತಿ, ಅವರ ಪ್ರತಿಯನ್ನು ಮಡಚಿ ಸೊಂಟದ ಚೀಲಕ್ಕೆ ಸೇರಿಸಿಕೊಂಡರು.