ಆಧಾರ್ ಕೇಳಿದರೆ ಆಧಾರಂ ತಂದ ಅತ್ತೆ

ಹೋದ ವಾರ ಬೆಂಗಳೂರಿನ ಗೆಳೆಯನೊಬ್ಬ ಮೆಸೇಜ್ ಹಾಕಿದ್ದ. "ಕಬಿನಿ ಹತ್ರ ಒಂದು ಹಳೇ ಹೆಂಚಿನ ಮನೆ ತಗೊಳ್ಳೋಣ ಅಂತಿದ್ದೀನಿ. ನಿಮ್ಮ ಕಡೆ ಕಾಗದ ಪತ್ರ ಅಂತ ಏನಾದ್ರೂ ಇರುತ್ತಾ, ಇಲ್ಲಾ ಎಲ್ಲಾ ಬಾಯಿ ಮಾತೇನಾ? ಅಂದ ಹಾಗೆ ಅದು ಅರ್ಧ ಕೇರಳ ಅಲ್ವಾ?" ಕೊನೆಗೊಂದು ನಗುವ ಮುಖ ಬೇರೆ.

ಮೊದಲು ಆ ಅರ್ಧದ ಲೆಕ್ಕ ಮುಗಿಸಿಬಿಡೋಣ. ನಮ್ಮದು ಅಂತರಸಂತೆ. ಮೈಸೂರು ಜಿಲ್ಲೆ, ಹೆಗ್ಗಡದೇವನಕೋಟೆ ತಾಲ್ಲೂಕು. ನಮ್ಮೂರು ದಾಟಿ ಕಾಡಿನ ರಸ್ತೆ ಹಿಡಿದು ಹೋದರೆ ಬಾವಲಿ. ಅಲ್ಲಿಂದಾಚೆ ವಯನಾಡು. ಗಡಿ ಇರುವುದು ಅಲ್ಲಿ, ನಮ್ಮ ಮನೆಯ ಹಜಾರದಲ್ಲಿ ಅಲ್ಲ. ಹೌದು, ಮಲಯಾಳ ಇಲ್ಲಿ ಎಲ್ಲರ ಕಿವಿಗೂ ಬಿದ್ದಿದೆ. ಶುಂಠಿ ಬೆಳೆಯೋಕೆ ಜಮೀನು ಗುತ್ತಿಗೆ ಹಿಡಿಯುವವರಲ್ಲಿ ಆ ಕಡೆಯವರು ತುಂಬಾ ಜನ. ಅದಕ್ಕೇ ನಮ್ಮಲ್ಲಿ ಭೂಮಿಗೆ ಎರಡು ಲೆಕ್ಕ. ನಾವು ಗುಂಟೆ ಅನ್ನುತ್ತೇವೆ, ಅವರು ಸೆಂಟ್ ಅನ್ನುತ್ತಾರೆ. ಒಂದು ಎಕರೆಗೆ 40 ಗುಂಟೆ, ಅದೇ ಎಕರೆಗೆ 100 ಸೆಂಟ್. ಬ್ರೋಕರ್ ಯಾರಾದರೂ "ಹತ್ತಿದೆ ಸಾರ್" ಅಂದರೆ ಹತ್ತು ಏನು ಅಂತ ಕೇಳು. ಹತ್ತು ಗುಂಟೆ ಅಂದರೆ 10,890 ಚದರಡಿ. ಹತ್ತು ಸೆಂಟ್ ಅಂದರೆ ಬರೀ 4,356. ಸುಮ್ನೆ ತಲೆ ಆಡಿಸಿದರೆ ಅಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಇನ್ನು ಕಾಗದದ ವಿಷಯ. ಕಾನೂನು ನಿನ್ನ ಬೆಂಗಳೂರಿಗೂ ನಮಗೂ ಒಂದೇ ಕಣಯ್ಯ. ಅಗ್ರಿಮೆಂಟ್ ಆಯಿತು ಅಂದರೆ ಮನೆ ನಿನ್ನದಾಗಲ್ಲ, ಕ್ರಯಪತ್ರ ನೋಂದಣಿ ಆಗಬೇಕು. ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಒಬ್ಬರ ಪರವಾಗಿ ಸಹಿ ಹಾಕೋಕೆ ಕೊಡುವ ಅಧಿಕಾರ ಪತ್ರ) ಮೇಲೆ ಮನೆ "ಮಾರಿದರೆ" ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಆದರೂ ಕಡಿಮೆಗೆ ಸಿಗುತ್ತೆ ಅಂತ ಈಗಲೂ ಬೀಳುವವರಿದ್ದಾರೆ. ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕ ಅಷ್ಟೇ, ಹಕ್ಕಿನ ಪತ್ರ ಅಲ್ಲ. ಹಾಗಂತ ಅದಿಲ್ಲದೆ ನಡೆಯುವುದೂ ಇಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು, ಅಂದರೆ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ, ಅದರ ಫಾರಂ 9 ಮತ್ತು 11 ಬೇಕು. ನಮ್ಮ ಕಡೆ "ಒಂಬತ್ತು ಹನ್ನೊಂದು ಆಗಿದ್ಯಾ?" ಅಂತಲೇ ಕೇಳುವುದು. ಇಸಿ ತೆಗೆಸು, ಆ ಆಸ್ತಿಯ ಮೇಲೆ ಯಾವ ಕ್ರಯ, ಸಾಲ ನೋಂದಣಿಯಾಗಿದೆ ಅಂತ ತೋರಿಸುವ ಋಣಭಾರ ಪತ್ರ ಅದು. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಹಳೇ ಪುಸ್ತಕ ತಿರುವಿಸಬೇಕು.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 30 ಲಕ್ಷದ ಮನೆ ಅಂದುಕೋ. ಮುದ್ರಾಂಕ ಶುಲ್ಕ 5%, ಅಂದರೆ ಒಂದೂವರೆ ಲಕ್ಷ. ಆ ಒಂದೂವರೆ ಲಕ್ಷದ ಮೇಲೆ 10% ಸೆಸ್, ಹಳ್ಳಿಯಾದ್ದರಿಂದ 3% ಸರ್ಚಾರ್ಜ್. ನೋಂದಣಿ ಶುಲ್ಕ ಮುಂಚೆ ಮನೆ ಬೆಲೆಯ 1% ಇತ್ತು, 2025ರ ಆಗಸ್ಟ್ 31ರಿಂದ 2% ಮಾಡಿದರು. ಎಲ್ಲಾ ಸೇರಿ 2,29,500 ರೂಪಾಯಿ. ಕೊಳ್ಳುವವನೇ ಕಟ್ಟುವುದು ವಾಡಿಕೆ. ಇದೂ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ 30 ಲಕ್ಷ ದಾಟದಿದ್ದರೆ ಮಾತ್ರ. ದಾಟಿದರೆ ಲೆಕ್ಕ ಅದರ ಮೇಲೆ.

ಕಾಡಂಚಿನಲ್ಲಿ ಅಗ್ಗಕ್ಕೆ ಜಾಗ ಇದೆ ಅಂತ ಯಾರಾದರೂ ತೋರಿಸಿದರೆ ಎರಡು ಸಲ ಯೋಚನೆ ಮಾಡು. ಹಾಡಿಯ, ಅಂದರೆ ಬುಡಕಟ್ಟು ಕೇರಿಯ ಜನರಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಿಕ್ಕ ಭೂಮಿ ಮಕ್ಕಳಿಗೆ ಹೋಗುತ್ತದೆ, ಮಾರುವ ಹಾಗಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪದಂತೆ ತಡೆಯೋಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಎಷ್ಟು ವರ್ಷ ಕಳೆದರೂ ವಾಪಸ್ ಹೋಗಬಹುದು, 2023ರ ತಿದ್ದುಪಡಿ ಆದ ಮೇಲಂತೂ ಕಾಯ್ದೆಯಲ್ಲಿ ಕಾಲದ ಮಿತಿಯೇ ಇಲ್ಲ. ನ್ಯಾಯವಾಗಿ ಅದು ಅವರದೇ. ರೆಸಾರ್ಟಿನ ಕನಸು ಕಟ್ಟಿಕೊಂಡು ಬಂದವರಿಗೆ ಇದು ಯಾಕೋ ಕೊನೆಗೇ ಗೊತ್ತಾಗುತ್ತದೆ. ಕಬಿನಿ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡು ಬಂದವರ ಮನೆಯಾದರೆ ಹಕ್ಕುಪತ್ರ ಯಾರ ಹೆಸರಿಗಿದೆ ನೋಡು. ಅಣೆಕಟ್ಟು ಮುಗಿದಿದ್ದು 1974ರಲ್ಲಿ. ಆಗ ಹಕ್ಕುಪತ್ರ ತಗೊಂಡ ಯಜಮಾನರಲ್ಲಿ ಎಷ್ಟೋ ಜನ ಈಗಿಲ್ಲ. ಮನೆ ಖಾತೆಯಲ್ಲಿ ಮಾತ್ರ ಇನ್ನೂ ಬದುಕಿದ್ದಾರೆ.

ನಮ್ಮ ತಾತನೂ ಹಾಗೆಯೇ ಬದುಕಿದ್ದಾರೆ. ಈಗ ನಮ್ಮ ಗೋಳು ಕೇಳು.

ತಾತ ಸ್ವಂತ ದುಡಿಮೆಯಲ್ಲಿ ಕಟ್ಟಿದ ಹೆಂಚಿನ ಮನೆ ಅದು. ಉಯಿಲು ಬರೆಯದೆ ಹೋದರು. ಖಾತೆ ಅವರ ಹೆಸರಲ್ಲೇ ಉಳಿಯಿತು. ಕಂದಾಯ ಅಪ್ಪ ಕಟ್ಟುತ್ತಿದ್ದರು, ರಸೀದಿ ತಾತನ ಹೆಸರಿಗೆ ಬರುತ್ತಿತ್ತು, ಯಾರಿಗೂ ತೊಂದರೆ ಅನಿಸಲಿಲ್ಲ. ಅಪ್ಪ ಹೋದ ಮೇಲೆ ನಾವು ಮಕ್ಕಳು ಮೈಸೂರು ಸೇರಿದೆವು. ಮಳೆಗಾಲಕ್ಕೊಮ್ಮೆ ಹೆಂಚು ಕೈಯಾಡಿಸುವವರೂ ಇಲ್ಲ. ಮಾರೋಣ ಅಂದೆವು.

ಮಾರಬೇಕಾದರೆ ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಪೌತಿ ಖಾತೆಗೆ ವಂಶವೃಕ್ಷ. ವಂಶವೃಕ್ಷದಲ್ಲಿ ಅಪ್ಪನ ಪಕ್ಕದಲ್ಲಿ ಇನ್ನೊಂದು ಕೊಂಬೆ, ನಮ್ಮ ಅತ್ತೆ. "ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಗಿದೆ, ಅವರ ಸಹಿ ಯಾಕೆ?" ಅಂತ ಊರಿನ ಹಿರಿಯರೊಬ್ಬರು ಉಪದೇಶ ಮಾಡಿದರು. ಇಂಥ ಉಪದೇಶ ಕೇಳಿಯೇ ಅರ್ಧ ದಾವೆಗಳು ಹುಟ್ಟುವುದು. ಉಯಿಲಿಲ್ಲದೆ ತೀರಿಕೊಂಡವರ ಸ್ವಂತ ಸಂಪಾದನೆಯ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, 1956ರ ಕಾಯ್ದೆಯಿಂದಲೇ. ಪಿತ್ರಾರ್ಜಿತದಲ್ಲೂ ಮಗಳು ಹುಟ್ಟಿನಿಂದಲೇ ಪಾಲುದಾರಳು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. ನಮಗೇನೂ ತಕರಾರಿರಲಿಲ್ಲ. ಅತ್ತೆಯ ಪಾಲು ಅತ್ತೆಗೆ.

ತಕರಾರು ಬಂದಿದ್ದು ಹೆಸರಿನದು.

ಅತ್ತೆಯನ್ನು ಕೊಟ್ಟಿದ್ದು ವಯನಾಡಿನ ಮಾನಂದವಾಡಿ ಕಡೆಗೆ. ಅಲ್ಲೂ ಕನ್ನಡ ಮಾತಾಡುವ ಮನೆಗಳಿವೆ, ಸಂಬಂಧ ಹೊಸದೇನಲ್ಲ. ಇಲ್ಲಿಯ ಶಾಲೆಯ ದಾಖಲೆಯಲ್ಲಿ ಅವರ ಹೆಸರಿನ ಕೊನೆಗೆ "ಅಮ್ಮಣ್ಣಿ" ಇದೆ. ತಾತ ಯಾವಾಗಲೋ ಬರೆಸಿದ ಒಂದು ಕಾಗದದಲ್ಲಿ ಬರೀ "ಅಮ್ಮ" ಆಗಿದೆ. ಕೇರಳದ ಕಾಗದಗಳಲ್ಲಿ ಆ ಅಮ್ಮನೂ ಉದುರಿ, ಹೆಸರಿನ ಕೊನೆಗೆ ಗಂಡನ ಮನೆತನದ ಎರಡಕ್ಷರ ಅಂಟಿಕೊಂಡಿದೆ. ನಮ್ಮಲ್ಲಿ ಇನಿಷಿಯಲ್ ಹೆಸರಿನ ಶುರುವಿಗೆ, ಅಲ್ಲಿ ಕೊನೆಗೆ. ಇಲ್ಲಿ ತಂದೆಯ ಹೆಸರು ಬೇಕು, ಅವರ ಕಾರ್ಡಿನಲ್ಲಿರುವುದು ಗಂಡನ ಹೆಸರು. ನಮಗೆ ಒಬ್ಬರೇ ಅತ್ತೆ. ಕಾಗದದಲ್ಲಿ ಮೂರು ಜನ.

ವಕೀಲರು ಫೋನಿನಲ್ಲಿ "ಅವರ ಆಧಾರ್ ತರೋಕೆ ಹೇಳಿ" ಅಂದರು. ನಾನು ಹಾಗೇ ಹೇಳಿದೆ. ಅತ್ತೆ ಬೆಳಗಿನ ಬಸ್ಸು ಹತ್ತಿ, ಕಾಡು ದಾಟಿ ಬಂದು, ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮಲಯಾಳದಲ್ಲಿ ಬರೆದ ದಪ್ಪ ಛಾಪಾ ಕಾಗದ. ಮಲಯಾಳದಲ್ಲಿ "ಆಧಾರಂ" ಅಂದರೆ ಆಸ್ತಿ ಪತ್ರ! ಕಾರ್ಡು ಮನೆಯಲ್ಲಿ ಬಿಟ್ಟು, ಗಂಡನ ಮನೆಯ ಎಂಟು ಸೆಂಟ್ ಜಾಗದ ಪತ್ರ ತಂದಿದ್ದರು. "ಇದನ್ನ ಯಾಕೆ ಕೇಳ್ತಾರೆ ಅಂತ ದಾರಿಯುದ್ದಕ್ಕೂ ಹೆದರಿಕೊಂಡೇ ಬಂದೆ" ಅಂದರು. ವಕೀಲರು ನಕ್ಕರು. ಅತ್ತೆ ನಗಲಿಲ್ಲ. ಆ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲ. ಪ್ರಾಣಿಗಳಿಗೆ ಒಳ್ಳೆಯದೇ, ನಾನೂ ಒಪ್ಪುತ್ತೇನೆ. ಆದರೆ ಅವತ್ತು ಅತ್ತೆ ಮಾರಬೇಕಿದ್ದ ಆ ಮನೆಯಲ್ಲೇ, ಸೋರುವ ಹೆಂಚಿನ ಕೆಳಗೆ, ಒಂದು ರಾತ್ರಿ ಮಲಗಿದರು.

ಎರಡನೇ ಸಲ ಕಾರ್ಡು ತಂದರು. ಕೌಂಟರಿನಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ, "ಇದು ಮಲಯಾಳ, ನಮಗೆ ಓದೋಕೆ ಬರಲ್ಲ" ಅಂದರು. ಕೆಳಗೇ ಇಂಗ್ಲಿಷಿನಲ್ಲೂ ಇತ್ತು. ಆಮೇಲೆ ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿ, "ಇವರು ಕೇರಳದವರಾ?" ಅಂತ ಕೇಳಿದರು. ಯಾವ ಕಚೇರಿ ಅಂತ ಹೇಳುವುದಿಲ್ಲ, ಇನ್ನೂ ಅಲ್ಲಿಗೇ ಹೋಗಬೇಕು. ಅತ್ತೆಯೇ ಉತ್ತರ ಕೊಟ್ಟರು. "ನಾನು ಹುಟ್ಟಿದ್ದು ಇಲ್ಲೇ ಕಣಪ್ಪ. ನಿಂದು ಯಾವೂರು?" ಆತ ಸಂಕೋಚದಿಂದ ಹಾಸನ ಅಂದ. "ಹಾಗಾದ್ರೆ ಹೊರಗಿನವನು ನೀನು" ಅಂದರು ಅತ್ತೆ.

ಗೆಳೆಯಾ, ನಿನ್ನ ಅರ್ಧ ಕೇರಳದ ಮಾತು ಓದಿದಾಗ ನನಗೆ ಆ ಕೌಂಟರೇ ನೆನಪಾಗಿದ್ದು.

ಈಗ ಆಗಬೇಕಿರುವುದು ಒಂದು ಪ್ರಮಾಣ ಪತ್ರ. ಈ ಮೂರೂ ಹೆಸರು ನನ್ನವೇ, ನಾನು ಇಂಥವರ ಮಗಳು, ಇಂಥವರ ಹೆಂಡತಿ ಅಂತ ನೋಟರಿ ಮುಂದೆ ಬರೆದುಕೊಡಬೇಕು. ಜೊತೆಗೆ ಶಾಲೆಯ ಟಿಸಿ. "ನಾನು ನಾನೇ ಅಂತ ಹೇಳೋಕೆ ಛಾಪಾ ಕಾಗದ ಯಾಕೋ?" ಅಂತ ಅತ್ತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಬಂದಿದ್ದ ಇಬ್ಬರು ಗಿರಾಕಿಗಳು ಈ ಮೂರು ಹೆಸರು ನೋಡಿಯೇ ಜಾಗ ಖಾಲಿ ಮಾಡಿದರು. ಅವರದೂ ತಪ್ಪಲ್ಲ, ಬ್ಯಾಂಕಿನ ವಕೀಲರು ಸಾಲಕ್ಕೆ ಒಪ್ಪಬೇಕಲ್ಲ.

ಇದಕ್ಕೊಂದು ಸುಲಭದ ದಾರಿ ಇತ್ತು. ಅತ್ತೆ ತಾವಿರುವ ಕಡೆಯ ಸಬ್ ರಿಜಿಸ್ಟ್ರಾರ್ ಮುಂದೆಯೇ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಪತ್ರಕ್ಕೆ ನಾನೇ ಸಹಿ ಹಾಕಬಹುದು. ಹೆಸರಿನ ಗಂಟು ಹೇಗೂ ಬಿಡಿಸಲೇಬೇಕು, ಕಡೇಪಕ್ಷ ಈ ಓಡಾಟವಾದರೂ ತಪ್ಪುತ್ತಿತ್ತು. ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪನ ಮನೆ ಮಾರೋ ದಿನ ನಾನೇ ಬಂದು ಸಹಿ ಹಾಕ್ತೀನಿ. ಪವರ್ರು ಗಿವರ್ರು ಯಾರಿಗೂ ಕೊಡಲ್ಲ" ಅಂದರು. ಅದಾದ ಮೇಲೆ ನಾನು ಆ ಮಾತು ಎತ್ತಿಲ್ಲ.

ನೀನು ಹಳೇ ಹೆಂಚಿನ ಮನೆ ಅಂದೆಯಲ್ಲ? ನಮ್ಮದೇ ಇದೆ. ಹತ್ತು ಗುಂಟೆಯಲ್ಲ, ಹತ್ತು ಸೆಂಟೂ ಅಲ್ಲ, ಹಿತ್ತಲು ಸೇರಿ ಮೂರು ಗುಂಟೆ. ಬುಧವಾರ ಅತ್ತೆ ಟಿಸಿಗೆ ಬರುತ್ತಾರೆ. ನೋಡಬೇಕು ಅನಿಸಿದರೆ ಬೆಳಗ್ಗೆಯೇ ಬಾ. ಮಧ್ಯಾಹ್ನದ ಮೇಲೆ ಬಂದರೆ ಮಾತಾಡೋಕೆ ಆಗಲ್ಲ, ಅವರು ಆರಕ್ಕೆ ಮುಂಚೆ ಕಾಡಿನ ಗೇಟು ದಾಟಬೇಕು.