ಸಿಹಿಜೋಳದ ರಸ ಬೆಲ್ಲ ಕಟ್ಟುವುದಿಲ್ಲವೇಕೆ?

ಪ್ರಶ್ನೆ: ಅರ್ಧ ಎಕರೆ ಸಿಹಿಜೋಳ (ದಂಟಿನಲ್ಲಿ ಸಿಹಿರಸ ತುಂಬುವ ಜೋಳ) ಬೆಳೆದು, ಕಬ್ಬಿನ ಗಾಣದಲ್ಲೇ ಅರೆದು, ಸುಣ್ಣ ಹಾಕಿ ಕಾಯಿಸಿದೆವು. ಪಾಕ ಗಟ್ಟಿಯಾಗಲೇ ಇಲ್ಲ, ತಳವೂ ಸೀದಿತು. ತಪ್ಪಾಗಿದ್ದೆಲ್ಲಿ?
– ರೈತ ಓದುಗರು, ಬೆಳಗಾವಿ ಜಿಲ್ಲೆ

ಉತ್ತರ: ಸಿಹಿಜೋಳದಿಂದ ಅಚ್ಚುಬೆಲ್ಲದ ಆಸೆ ಬಿಡಿ, ಇದು ಜೋನಿಬೆಲ್ಲದ, ಅಂದರೆ ಗಟ್ಟಿಯಾಗದ ನೀರುಬೆಲ್ಲದ ಬೆಳೆ. ಕಬ್ಬಿನ ರಸಕ್ಕಿಂತ ಇದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚು. ಅವು ಸುಕ್ರೋಸನ್ನು, ಅಂದರೆ ಮಾಮೂಲಿ ಸಕ್ಕರೆಯನ್ನು, ಹರಳುಗಟ್ಟಲು ಬಿಡುವುದಿಲ್ಲ. ಸುಣ್ಣ ಹೆಚ್ಚಾದರೆ ಇವೇ ಕೆಟ್ಟು ಪಾಕ ಕಪ್ಪಾಗುತ್ತದೆ. ಸುಣ್ಣ ಬೇಡವೇ ಬೇಡ.

ತಳ ಸೀಯುವುದಕ್ಕೆ ಕಾರಣ ಪಿಷ್ಟ. ರಸವನ್ನು ಬಟ್ಟೆಯಲ್ಲಿ ಸೋಸಿ ಎರಡು ತಾಸು ಅಲುಗಾಡಿಸದೆ ಇಡಿ. ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದನ್ನು ಕದಡದೆ ಮೇಲಿನ ತಿಳಿರಸವನ್ನಷ್ಟೇ ಕೊಪ್ಪರಿಗೆಗೆ ಬಗ್ಗಿಸಿ. ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಹುಳಿಯುತ್ತದೆ. ಉರಿ ನಿಧಾನವಾಗಿರಲಿ. ಕುದಿ ಬರುವ ಮೊದಲೇ ಹಸಿರು ಕೆನೆ ಮೇಲೇಳುತ್ತದೆ, ಆಗಲೇ ಜಾಲರಿಯಿಂದ ತೆಗೆಯಿರಿ. ಕೊತಕೊತ ಕುದಿಯತೊಡಗಿದರೆ ಅದು ರಸದೊಳಗೇ ಬೆರೆತು ಪಾಕಕ್ಕೆ ಹಸಿ ವಾಸನೆ ಕೊಡುತ್ತದೆ.

ನೀರು ಕುದಿಯುವ ಬಿಸಿಗಿಂತ ಸುಮಾರು 8 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ ಇಳಿಸಿ. ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುವುದರಿಂದ, ಮೊದಲು ಬರೀ ನೀರು ಕಾಯಿಸಿ ಥರ್ಮಾಮೀಟರ್ ನೋಡಿಕೊಳ್ಳಿ. ಸೌಟು ಎತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ಪದರದಂತೆ ಜಾರಬೇಕು. ರಸ 16 ಬ್ರಿಕ್ಸ್ (100 ಕಿಲೋ ರಸದಲ್ಲಿ ಸುಮಾರು 16 ಕಿಲೋ ಕರಗಿದ ಸಕ್ಕರೆ) ಇದ್ದು, 100 ಕಿಲೋ ದಂಟಿನಿಂದ 40 ಕಿಲೋ ರಸ ಇಳಿದರೆ, ಕೆನೆ, ಗಸಿ ಕಳೆದು 7 ಕಿಲೋ ಆಸುಪಾಸು ಜೋನಿ ಸಿಗುತ್ತದೆ.

ಕಟಾವಿನ ಹದವೂ ಮುಖ್ಯ. ಹೂ ಬಿಟ್ಟು ಸುಮಾರು 40 ದಿನಕ್ಕೆ, ಕಾಳಿನ ಬುಡದಲ್ಲಿ ಕರಿ ಚುಕ್ಕೆ ಕಂಡಾಗ ಕೊಯ್ಯಿರಿ. ತೆನೆ, ಗರಿ ಕಳೆದು ಅಂದೇ ಅರೆಯಿರಿ. ಕೊಯ್ದಿಟ್ಟ ದಂಟಿನಲ್ಲಿ ಸುಕ್ರೋಸ್ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತಲೇ ಇರುತ್ತದೆ.

ಪ್ರಶ್ನೆ: ಸಿಹಿಜೋಳದ ಗಾಣದ ಸಿಪ್ಪೆ, ಕೂಳೆ ಚಿಗುರನ್ನು (ಕೊಯ್ದ ಬುಡದಿಂದ ಮತ್ತೆ ಒಡೆಯುವ ಚಿಗುರು) ದನಕ್ಕೆ ಹಾಕಬಹುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸಿಪ್ಪೆ ಹಾಕಬಹುದು. ಅದನ್ನೂ ಗರಿಯನ್ನೂ ಕತ್ತರಿಸಿ, ಅಂದೇ ಗಾಳಿಯಾಡದಂತೆ ತುಳಿದು ಮುಚ್ಚಿದರೆ ಒಳ್ಳೆಯ ರಸಮೇವು (ಸೈಲೇಜ್) ಆಗುತ್ತದೆ. ಸಿಪ್ಪೆ ಒಣಗಿದ್ದರೆ ನೀರು ಚಿಮುಕಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು.

ಕೂಳೆ ಚಿಗುರಿನ ಹತ್ತಿರ ಮಾತ್ರ ದನ ಬಿಡಲೇಬೇಡಿ. ಎಳೆ ಜೋಳವನ್ನು ಜಗಿದಾಗ ಸೈನೈಡ್ ವಿಷ ಹೊರಬೀಳುತ್ತದೆ. ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲೂ ಇದೇ ಅಪಾಯ. ಬಾಡದ ಬೆಳೆಯನ್ನೂ ಹೂ ಬಿಟ್ಟ ಮೇಲಷ್ಟೇ ಹಸಿಯಾಗಿ ಕೊಡಿ. ತಿಂದ ದನ ಏದುಸಿರು ಬಿಟ್ಟು, ತೂರಾಡಿ, ನೊರೆ ಕಾರಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ಪಶುವೈದ್ಯರು ರಕ್ತನಾಳಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಬೇಗ ಸಿಕ್ಕರೆ ದನ ಬದುಕಬಹುದು.